ಮೇಜಿನ ಎದ್ದ ವಾರ್ನಿಷ್ ಅನ್ನು ಸರಿಪಡಿಸಿದ ಬಗೆ

ನನ್ನ ಓದುವ ಮೇಜಿನ ಒಂದು ಮೂಲೆಯಲ್ಲಿ ಅಂಗೈಯಗಲದ ವಾರ್ನಿಷ್ ಹೊಟ್ಟಿನಂತೆ ಎದ್ದುಹೋಗಿತ್ತು. ಅದರ ಪಕ್ಕದಲ್ಲೇ ಬಿಸಿ ಲೋಟ ಇಟ್ಟದ್ದರಿಂದ ಮೂಡಿದ ಬಿಳಿಯ ಬಳೆಯೊಂದಿತ್ತು. ಮೊದಲ ಸಲ ನಾನು ಹಿಂದುಮುಂದು ನೋಡದೆ ಡಬ್ಬಿಯಲ್ಲಿ ಉಳಿದಿದ್ದ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಬಗೆಯ ವಾರ್ನಿಷ್ ಬಳಿದೆ. ಅದು ತೇಪೆಯಂತೆ ಎದ್ದು ಕಂಡದ್ದಲ್ಲದೆ, ಕೆಲವೇ ವಾರಗಳಲ್ಲಿ ಉಗುರಿನಿಂದ ಎಬ್ಬಿಸಿದರೆ ಹಾಳೆಯಂತೆ ಸುಲಿದುಬಂತು.

ಹಳೆಯ ಲೇಪ ಯಾವುದೆಂದು ತಿಳಿಯುವ ಪರೀಕ್ಷೆಯನ್ನು ಆಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. ಮೇಜಿನ ಅಡಿಯ ಅಂಚಿಗೆ ಒಂದು ಹನಿ ಸ್ಪಿರಿಟ್ (ಮೆಥಿಲೇಟೆಡ್ ಸ್ಪಿರಿಟ್, ಅಂದರೆ ಆಲ್ಕೋಹಾಲ್) ಹಾಕಿ ನಿಮಿಷ ಬಿಟ್ಟು ಮುಟ್ಟಿದಾಗ ಲೇಪ ಅಂಟಂಟಾಯಿತು. ಎಂದರೆ ಅದು ಅರಗು, ಶೆಲ್ಯಾಕ್ ಎನ್ನುವ ಲೇಪ. ಸ್ಪಿರಿಟ್‌ಗೆ ಬಗ್ಗದೆ ಥಿನ್ನರ್‌ಗೆ ಕರಗಿದ್ದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂದೂ, ಎರಡಕ್ಕೂ ಜಗ್ಗದಿದ್ದರೆ ಎಣ್ಣೆಯ ವಾರ್ನಿಷ್ ಅಥವಾ ಪಾಲಿಯುರಿಥೇನ್ ಎಂದೂ ಊಹಿಸಬಹುದಿತ್ತು. ಸಾಮಾನ್ಯ ಅರಗಿನಲ್ಲಿ ಸಹಜವಾಗಿಯೇ ಮೇಣವಿರುತ್ತದೆ, ಅದರ ಮೇಲೆ ಪಾಲಿಯುರಿಥೇನ್ ಕಚ್ಚಿಕೊಳ್ಳುವುದಿಲ್ಲ. ಅರಗಿನ ಮೇಲೆ ಅರಗನ್ನೇ ಬಳಿದರೆ ಹೊಸದು ಹಳೆಯದನ್ನು ಕರಗಿಸಿಕೊಂಡು ಒಂದೇ ಪದರವಾಗುತ್ತದೆ. ಸಣ್ಣ ಜಾಗದ ದುರಸ್ತಿಗೆ ಇಷ್ಟು ಅನುಕೂಲವಾದ ಲೇಪ ಬೇರೊಂದಿಲ್ಲವೆಂದು ನನಗನ್ನಿಸುತ್ತದೆ.

ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಹಳೆಯ ಮೇಣ, ಜಿಡ್ಡುಗಳನ್ನು ಒರೆಸಿದೆ. ಬಿಳಿಯ ಬಳೆ ಲೇಪದೊಳಗೆ ಸಿಕ್ಕಿಬಿದ್ದ ತೇವವಷ್ಟೇ ಆದ್ದರಿಂದ, ಸ್ಪಿರಿಟ್‌ನ ಪಸೆ ಮಾತ್ರ ಇರುವ ಬಟ್ಟೆಯನ್ನು ಅದರ ಮೇಲೆ ಎರಡು ಮೂರು ಬಾರಿ ಸರಕ್ಕನೆ ಎಳೆದದ್ದಕ್ಕೇ ಮಾಯವಾಯಿತು. ಕಲೆ ಕಪ್ಪಾಗಿದ್ದರೆ ನೀರು ಮರದೊಳಕ್ಕೇ ಇಳಿದಿದೆ ಎಂದರ್ಥ. ಆಗ ಈ ಉಪಾಯ ನಡೆಯದು.

ಹೆಚ್ಚು ಹೊತ್ತು ಹಿಡಿದದ್ದು ಅಂಚಿನ ಕೆಲಸ. ಎದ್ದ ಲೇಪದ ಅಂಚನ್ನು 320ರ, ಬಳಿಕ ಅದಕ್ಕಿಂತ ನಯವಾದ 400ರ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಮಾತ್ರ ಉಜ್ಜುತ್ತ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ತಗಲದಷ್ಟು ಇಳಿಜಾರು ಮಾಡಿದೆ. ಬರಿಯ ಮರಕ್ಕೆ ಟರ್ಪೆಂಟೈನ್ ಸವರಿ ನೋಡಿದಾಗ ಲೇಪ ಬಿದ್ದ ಮೇಲಿನ ಬಣ್ಣ ಮುಂಚೆಯೇ ತಿಳಿಯುತ್ತದೆ; ನನ್ನದು ಸುತ್ತಲಿಗಿಂತ ತಿಳಿಯಾಗಿದ್ದುದರಿಂದ, ಟರ್ಪೆಂಟೈನ್ ಪೂರ್ತಿ ಆರಿದ ಮೇಲೆ, ಸ್ಪಿರಿಟ್‌ನಲ್ಲಿ ಕರಗುವ ಬಣ್ಣವನ್ನು ತೀರ ತೆಳುವಾಗಿ ಎರಡು ಸಲ ಹಚ್ಚಿದೆ.

100 ಮಿಲಿಲೀಟರ್ ಸ್ಪಿರಿಟ್‌ಗೆ 12 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿಕೊಂಡೆ. ಬಹಳ ಹಿಂದೆ ಕರಗಿಸಿಟ್ಟ ಅರಗು ಸರಿಯಾಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಮೇಲು. ಸ್ಪಿರಿಟ್‌ನ ಆವಿ ಬೆಂಕಿಗೆ ಬೇಗ ಸಿಗುತ್ತದೆ. ಹತ್ತಿರ ದೀಪ, ಒಲೆ ಇರಬಾರದು. ಕುಂಚವನ್ನು ಒಮ್ಮೆ ಎಳೆದ ಕಡೆ ಮತ್ತೆ ಎಳೆಯದೆ, ಗಂಟೆಗೊಂದರಂತೆ ಆರು ಪದರ ಹಚ್ಚಿದೆ. ಮೂರನೆಯ ಪದರದಲ್ಲಿ ಆತುರಪಟ್ಟು ಕುಂಚವನ್ನು ಹಿಂದಕ್ಕೆಳೆದದ್ದರಿಂದ ಒಂದು ಸುಕ್ಕು ಉಳಿಯಿತು. ಅದು ಗಟ್ಟಿಯಾಗುವ ತನಕ ಕಾದು ಉಜ್ಜಿ ತೆಗೆಯಬೇಕಾಯಿತು.

ವಾರ ಬಿಟ್ಟು 600ರ ಕಾಗದದಿಂದ ಸಮ ಮಾಡಿ, ಅತಿ ನಯವಾದ 0000 ಉಕ್ಕಿನ ನಾರಿಗೆ ಮೇಣ ಹಚ್ಚಿಕೊಂಡು ಆ ಮೂಲೆಯನ್ನಷ್ಟೇ ಅಲ್ಲದೆ ಇಡೀ ಹಲಗೆಯನ್ನು ತಿಕ್ಕಿದೆ. ಇಲ್ಲವಾದರೆ ಹೊಳಪಿನ ವ್ಯತ್ಯಾಸವೇ ದುರಸ್ತಿಯ ಗುಟ್ಟನ್ನು ಬಿಟ್ಟುಕೊಡುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಆ ಮೂಲೆ ಈಗಲೂ ತುಸು ನುಣುಪಾಗಿ ಕಾಣುತ್ತದೆ. ಹಳೆಯ ಭಾಗದಲ್ಲಿ ಮರದ ರಂಧ್ರಗಳು ತುಂಬಿರಲಿಲ್ಲ, ನಾನು ಆರು ಪದರ ಹಚ್ಚಿ ತುಂಬಿಬಿಟ್ಟಿದ್ದೆ, ನಾಲ್ಕೇ ಸಾಕಾಗುತ್ತಿತ್ತು.