ಗುಡುಗಿನ ವಾರ: ಮೆಣಸು, ಮೊಗ್ಗು, ಏಣಿ

ಮಾರ್ಚ್‌ನಲ್ಲಿ ಬೆಳಗಿನ ಬಿಸಿಲು ನಂಬಿ ಕಣದ ತುಂಬ ಕಾಳುಮೆಣಸು ಹರಡಬೇಡಿ. ಮಧ್ಯಾಹ್ನ ಹೂಕೋಸಿನಂತೆ ಉಬ್ಬುವ ಮೋಡ ಕಂಡರೆ ಟಾರ್ಪಾಲು ಕೈಗೆಟುಕುವಲ್ಲಿರಲಿ. ತಣ್ಣನೆ ಗಾಳಿ ರಪ್ಪನೆ ಬೀಸಿತೆಂದರೆ ಹತ್ತು ನಿಮಿಷವೂ ಸಿಗಲಿಕ್ಕಿಲ್ಲ. ಹವಾಮಾನ ಇಲಾಖೆಯ ‘ಅಲ್ಲಲ್ಲಿ ಮಳೆ’ ಇಡೀ ಜಿಲ್ಲೆಯ ಲೆಕ್ಕ. ಮೂಡಿಗೆರೆಯಲ್ಲಿ ಸುರಿದರೂ ಕಡೂರಿಗೆ ಹನಿ ಬೀಳದಿರಬಹುದು. ಹಾಗಾಗಿ ಮಳೆಮಾಪಕ ಸ್ವಂತದ್ದೇ ಇರಲಿ, ಮರದ ತೊಟ್ಟಿಕ್ಕುವ ನೀರು ಬೀಳದ ಬಯಲಲ್ಲಿ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆದಿಡಿ. ಕಾಫಿ ಹೂ ಅರಳಿಸುವ ಹೂಮಳೆ 25 ಮಿ.ಮೀ. ಮುಟ್ಟದೆ 8–10ಕ್ಕೇ ನಿಂತರೆ ರೊಬಸ್ಟಾ ತಳಿಯ ಮೊಗ್ಗು ಪೂರ್ತಿ ಅರಳದೆ ಮುದುಡುತ್ತೆ. ಮುಂದಿನ ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವುದೇ ವಾಸಿ.

ಮಿಂಚಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮಿಂಚಿ 30 ಸೆಕೆಂಡಿನೊಳಗೆ ಗುಡುಗಿತೋ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಅಲ್ಯೂಮಿನಿಯಂ ಏಣಿಯನ್ನು ಬಿಟ್ಟು ಎಲ್ಲರೂ ಮನೆಯೊಳಗೆ. ಕೊನೆಯ ಗುಡುಗಾಗಿ 30 ನಿಮಿಷ ತೋಟಕ್ಕಿಳಿಯಬೇಡಿ.