ಮೆಝೋಂ ಕಾರೇ: ರೋಮನ್ ಗುಡಿಯನ್ನು ಹೊರಗಿನಿಂದ ಓದುವ ಬಗೆ

ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದಲ್ಲಿರುವ ಈ ಗುಡಿಯನ್ನು ನೇರ ಎದುರಿನಿಂದ ನೋಡಿದರೆ ಅದರ ಮುಖ್ಯ ಗುಟ್ಟೇ ಕಾಣುವುದಿಲ್ಲ. ಮುಂದಿನ ಒಂದು ಮೂಲೆಗೆ ಓರೆಯಾಗಿ, ಮುಂಬದಿಯೂ ಪಕ್ಕದ ಗೋಡೆಯೂ ಒಟ್ಟಿಗೆ ಕಣ್ಣಿಗೆ ಬೀಳುವಷ್ಟು ದೂರ ನಿಲ್ಲಿ.

ಮೊದಲು ಕಂಬಗಳನ್ನು ಎಣಿಸಿ. ಮುಂದೆ 6, ಹಿಂದೆ 6, ಪ್ರತಿ ಪಕ್ಕದಲ್ಲೂ ಮೂಲೆಯವೂ ಸೇರಿ 11. ಮೂಲೆಗಳನ್ನು ಎರಡೆರಡು ಸಲ ಎಣಿಸಿದರೆ 34 ಬರುತ್ತದೆ. ಸರಿಯಾದ ಲೆಕ್ಕ 30. ಬಿಡಿಯಾಗಿ ನಿಂತಿರುವುದು ಮುಖಮಂಟಪದ 10 ಮಾತ್ರ. ಉಳಿದ 20 ಗೋಡೆಗೆ ಅಂಟಿದ ಅರ್ಧಗಂಬಗಳು. ಗ್ರೀಕರ ದೊಡ್ಡ ಗುಡಿಗಳಲ್ಲಿ ಕಂಬಸಾಲಿಗೂ ಗೋಡೆಗೂ ನಡುವೆ ನಡೆದಾಡಲು ಜಾಗವಿರುತ್ತಿತ್ತು. ಇಲ್ಲಿ ಆ ಜಾಗವೂ ಗರ್ಭಗುಡಿಗೇ ಸೇರಿದೆ. ಕಂಬಸಾಲಿನ ನೋಟವಷ್ಟೇ ಉಳಿದಿದೆ.

ನಮ್ಮ ಹೊಯ್ಸಳ ಗುಡಿಗಳ ಜಗತಿಯ ಮೇಲೆ ಪ್ರದಕ್ಷಿಣೆ ಬರಬಹುದು. ಸುಮಾರು 2.85 ಮೀಟರ್ ಎತ್ತರದ ಈ ಜಗತಿ ಹಾಗಲ್ಲ. ಮೆಟ್ಟಿಲು ಮುಂದೆ ಮಾತ್ರ, ಒಟ್ಟು 15. ಬೆಸ ಸಂಖ್ಯೆಗೂ ಕಾರಣವಿದೆ: ಬಲಗಾಲಿಟ್ಟು ಹತ್ತಲು ತೊಡಗಿದವರ ಬಲಗಾಲೇ ಮೇಲೆಯೂ ಮೊದಲು ತಾಗಬೇಕೆಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುತ್ತಾನೆ.

ಹತ್ತುವ ಮುನ್ನ ಕಂಬಗಳ ಮೇಲಿನ ತೊಲೆಯನ್ನೂ ಅದರ ಮೇಲಿನ ಪಟ್ಟಿಯನ್ನೂ ನಿಧಾನವಾಗಿ ನೋಡಿ. ಓರೆ ಬಿಸಿಲಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಅಕ್ಷರಗಳಿಲ್ಲ, ಸಣ್ಣ ತೂತುಗಳಿವೆ. ಕಂಚಿನ ಅಕ್ಷರಗಳನ್ನು ಕಲ್ಲಿಗೆ ಕೂರಿಸಿದ್ದ ಮೊಳೆಗಳ ಗುರುತು ಅವು. ಲೋಹ ಹೋದ ಮೇಲೆ ಉಳಿದ ಈ ತೂತುಗಳಿಂದಲೇ 1758ರಲ್ಲಿ ನೀಮ್‌ನ ವಿದ್ವಾಂಸ ಝಾನ್-ಫ್ರಾನ್ಸ್ವಾ ಸೇಗ್ಯೇ ಇಡೀ ಬರಹವನ್ನು ಬಿಡಿಸಿದ. ಬಿಡಿಬಿಡಿ ತೂತು ಹಿಡಿದು ಊಹಿಸಹೊರಟರೆ ದಾರಿ ತಪ್ಪುತ್ತದೆ, ಏಕೆಂದರೆ ಎರಡು ಮೂರು ತೂತುಗಳ ಮೇಲೆ ಹಲವು ಅಕ್ಷರಗಳು ಕೂರಬಲ್ಲವು. ಮರುಕಳಿಸುವ ಪದಗಳನ್ನು ಹುಡುಕಿ: ಮೇಲಿನ ಸಾಲಿನಲ್ಲಿ 'ಸೀಸರ್, ಅಗಸ್ಟಸನ ಮಗ, ಕಾನ್ಸಲ್' ಎಂಬುದು ಎರಡು ಸಲ ಬರುತ್ತದೆ, ಒಮ್ಮೆ ಗಾಯಸನಿಗೆ, ಒಮ್ಮೆ ಲೂಸಿಯಸನಿಗೆ (ಅಗಸ್ಟಸ್ ರೋಮಿನ ಮೊದಲ ಚಕ್ರವರ್ತಿ, ಕಾನ್ಸಲ್ ಅಲ್ಲಿನ ಅತಿ ದೊಡ್ಡ ಚುನಾಯಿತ ಹುದ್ದೆ). ಕೆಳಗಿನ ಸಾಲು ಇಬ್ಬರನ್ನೂ 'ತರುಣರ ನಾಯಕರು' ಎನ್ನುತ್ತದೆ.

'ಮಗ' ಎಂಬ ಪದ ಹಲವರನ್ನು ಗೊಂದಲಕ್ಕೆ ಕೆಡವುತ್ತದೆ. ಇಬ್ಬರೂ ಅಗಸ್ಟಸನ ಮಗಳು ಜೂಲಿಯಾಳ ಮಕ್ಕಳು. ತಾತನೇ ದತ್ತು ಪಡೆದಿದ್ದ. ಕಾಲ ಗುರುತಿಸಲೂ ಈ ಸಾಲೇ ಆಧಾರ. ಗಾಯಸ್ ಕಾನ್ಸಲ್ ಆದದ್ದು ಕ್ರಿ.ಶ. 1ರಲ್ಲಿ, ಹಾಗಾಗಿ ಬರಹ ಅದಕ್ಕಿಂತ ಹಳೆಯದಾಗಲಾರದು. ಲೂಸಿಯಸ್ ಇನ್ನೂ 'ನಿಯೋಜಿತ' ಕಾನ್ಸಲ್. ಆ ಹುದ್ದೆಗೇರದೆ ಕ್ರಿ.ಶ. 2ರಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ಅಣ್ಣನೂ ಹೋದ.

ಈಗ ಪಕ್ಕಕ್ಕೆ ಬಂದು ಗೋಡೆಯ ಮೇಲಂಚಿನ ಅಕ್ಯಾಂಥಸ್ ಬಳ್ಳಿಯ ಕೆತ್ತನೆಯನ್ನೂ ಎಲೆಗಳರಳಿದ ಕೊರಿಂಥಿಯನ್ ಬೋದಿಗೆಗಳನ್ನೂ ನೋಡಿ. ಒಳಗೆ ಹೆಚ್ಚು ಹೊತ್ತು ಬೇಡ, ಮೂಲ ಅಲಂಕಾರವೇನೂ ಅಲ್ಲಿ ಉಳಿದಿಲ್ಲ. ಕಟ್ಟಡ ಉಳಿದದ್ದು ಸತತ ಬಳಕೆಯಿಂದ: ಮನೆ, ಕುದುರೆಲಾಯ, ಚರ್ಚು, ದಫ್ತರಖಾನೆ, 1823ರಲ್ಲಿ ವಸ್ತುಸಂಗ್ರಹಾಲಯ. ಪ್ರತಿಯೊಬ್ಬ ಹೊಸ ಒಡೆಯನೂ ಒಳಗನ್ನು ತನಗೆ ಬೇಕಾದಂತೆ ಬದಲಿಸಿಕೊಂಡ.