ಆಪ್ಟಿಕಲ್ಲಿಂದ ಕೋಆಕ್ಸಿಯಲ್‌ಗೆ: ಕನ್ವರ್ಟರ್ ತಗೊಳೋ ಮುಂಚೆ

ಟಿವೀಲಿ ಸೌಂಡ್ ಹೊರಗೆ ಕೊಡೋಕೆ ಇರೋದು ಆಪ್ಟಿಕಲ್ ಔಟ್ ಒಂದೇ, ಹಳೇ ಆಂಪ್ಲಿಫೈಯರ್ ಹಿಂದೆ ನೋಡಿದ್ರೆ ಖಾಲಿ ಇರೋದು ಕಿತ್ತಳೆ ಬಣ್ಣದ ಕೋಆಕ್ಸಿಯಲ್ ತೂತು ಮಾತ್ರ, ಆಗ ಒಂದನ್ನ ಇನ್ನೊಂದು ಮಾಡೋ ಕನ್ವರ್ಟರ್ ಡಬ್ಬಿ ಬೇಕೇ ಬೇಕು. ಎರಡ್ರಲ್ಲೂ ಹೋಗೋದು ಎಸ್‌ಪಿಡಿಐಎಫ್ ಅನ್ನೋ ಒಂದೇ ಡಿಜಿಟಲ್ ಸೌಂಡ್ ಸಿಗ್ನಲ್ಲು, ಆಪ್ಟಿಕಲ್‌ನಲ್ಲಿ ಕೆಂಪು ಬೆಳಕಾಗಿ ಕೋಆಕ್ಸಿಯಲ್‌ನಲ್ಲಿ ಕರೆಂಟಾಗಿ, ಹಾಗಾಗಿ ಡಬ್ಬಿ ಮೇಲೆ ಹೈ-ಫೈ ಅಂತ ಬರ್ದು ಮೂರು ಪಟ್ಟು ರೇಟ್ ಹಾಕಿರೋದಕ್ಕೆ ನಾನಂತೂ ದುಡ್ಡು ಸುರಿಯಲ್ಲ.

ಮೊದ್ಲು ದಿಕ್ಕು ನೋಡಿ. ಸುಮಾರು ಡಬ್ಬಿಗಳು ಒಂದೇ ಕಡೆ ಕೆಲ್ಸ ಮಾಡೋದು, ನಾನು ಒಂದ್ಸಲ ಉಲ್ಟಾ ತಂದು ಅರ್ಧ ಭಾನುವಾರ ಟಾರ್ಚ್ ಹಿಡ್ಕೊಂಡು ಟಿವಿ ಹಿಂದೇನೇ ಕೂತಿದ್ದೆ. ಎರಡೂ ಕಡೆ ಹೋಗೋದಾದ್ರೆ ಪಕ್ಕದಲ್ಲಿ ಚಿಕ್ಕ ಸ್ವಿಚ್ ಇರುತ್ತೆ. ಪವರ್ರೂ ಬೇಕು, 5 ವೋಲ್ಟ್ ಸಾಕು, ಹಳೇ ಮೊಬೈಲ್ ಚಾರ್ಜರ್ ನಡಿಯುತ್ತೆ.

ಆಂಪ್ಲಿಫೈಯರಲ್ಲಿ ಬರೀ ಕೆಂಪು-ಬಿಳಿ ಅನಲಾಗ್ ತೂತು ಇದ್ರೆ ಈ ಡಬ್ಬಿ ವೇಸ್ಟು, ಡಿಜಿಟಲ್ಲನ್ನ ಅನಲಾಗ್ ಮಾಡೋ ಡ್ಯಾಕ್ ತಗೊಳ್ಳಿ, ಆಮೇಲೆ ಟಿವಿ ಸೆಟ್ಟಿಂಗಲ್ಲಿ ಆಡಿಯೋ ಔಟ್‌ಪುಟ್‌ನ ಪಿಸಿಎಂ (ಸಾದಾ ಡಿಜಿಟಲ್ ಸೌಂಡು) ಮಾಡಿ, ಒತ್ತಿ ಪ್ಯಾಕ್ ಮಾಡಿರೋ ಡಾಲ್ಬೀಲೇ ಬಿಟ್ರೆ ಕಮ್ಮಿ ರೇಟಿನ ಡ್ಯಾಕ್‌ಗೆ ಅದು ಅರ್ಥ ಆಗಲ್ಲ, ಸೌಂಡೇ ಬರಲ್ಲ ಇಲ್ಲಾ ಗರಗರ ಅನ್ನುತ್ತೆ.

ಕೋಆಕ್ಸಿಯಲ್‌ಗೆ 75 ಓಮ್ ಕೇಬಲ್ ಬೇಕು, ಮನೇಲಿ ಬಿದ್ದಿರೋ ಹಳದಿ ವಿಡಿಯೋ ಕೇಬಲ್ ಆಗುತ್ತೆ. ಹೊಸ ಆಪ್ಟಿಕಲ್ ಕೇಬಲ್ ತುದೀಲಿ ಪುಟಾಣಿ ಪ್ಲಾಸ್ಟಿಕ್ ಟೋಪಿ ಇರುತ್ತೆ, ಅದನ್ನ ತೆಗ್ದು ಚುಚ್ಚಿ ಮಾರಾಯ್ರೇ.